ಮೈದಾನದ ಮಕ್ಕಳಿಗೆ ವಿಜ್ಞಾನದ ಮೊದಲ ಪಾಠ ಯಾರು ಹೇಳಬೇಕು?

(ಹೌಜ್ ಖಾಸಿನಲ್ಲಿ ಸಂಘದ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ವಾಚನಾಲಯದ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ)



ಇಂದಿನ ವಿಷಯವನ್ನು ನಮ್ಮ ಮುಂದಿಟ್ಟವರು ವಾಚನಾಲಯಕ್ಕೆ ಬರುವ ತಂದೆತಾಯಿಗಳು. ಮಗ ಚೆನ್ನಾಗಿ ಓಡುತ್ತಾನೆ, ಮಗಳು ಕಬಡ್ಡಿಯಲ್ಲಿ ಹೆಸರು ಮಾಡಿದ್ದಾಳೆ. ಹನ್ನೆರಡನೆಯ ತರಗತಿ ಮುಗಿದ ಮೇಲೆ ಕ್ರೀಡಾ ವಿಜ್ಞಾನದ ಡಿಗ್ರಿಗೆ ಸೇರಿಸಬಹುದೆ ಎಂದು ಅವರು ಕೇಳುತ್ತಾರೆ. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ. ಅಲ್ಲಿ ಮೊದಲ ವರ್ಷವೇ ಅಂಗರಚನಾ ಶಾಸ್ತ್ರ, ಶರೀರಕ್ರಿಯಾ ಶಾಸ್ತ್ರ, ಚಲನೆಯ ಭೌತಶಾಸ್ತ್ರ, ಆಹಾರದ ರಸಾಯನಶಾಸ್ತ್ರ ಎಂದು ಪಾಠಗಳಿವೆಯಂತೆ. ಅವನ್ನು ಹೇಳಿಕೊಡುವವರು ಯಾರು? ಆಟದ ಮೇಷ್ಟರೆ, ಡಾಕ್ಟರೆ, ವಿಜ್ಞಾನದ ಪ್ರೊಫೆಸರರೆ?

ಮಿಲ್ಲಿನ ಲೆಕ್ಕದ ಮೇಜಿನ ಮುಂದೆ ಕೂಡುವ, ಮೆಟ್ರಿಕ್‌ವರೆಗೆ ಓದಿದ ನಮಗೆ ಕಾಲೇಜಿನ ಪಾಠದ ವಿಚಾರ ಯಾಕೆ ಎಂದು ಯಾರಾದರೂ ಕೇಳಬಹುದು. ಫೀಸು ಕಟ್ಟುವವನಿಗೆ ಪ್ರಶ್ನೆ ಕೇಳುವ ಹಕ್ಕು ಉಂಟು. ಆ ಹಕ್ಕಿಗೆ ಡಿಗ್ರಿ ಬೇಕಿಲ್ಲ.

ಈ ಹೌಜ್ ಖಾಸಿನಲ್ಲಿ ವಿದ್ಯೆಯ ಮಾತು ಹೊಸದೂ ಅಲ್ಲ. ಅಲಾವುದ್ದೀನ್ ಖಿಲ್ಜಿ ತೋಡಿಸಿದ ಕೆರೆಯ ದಂಡೆಯಲ್ಲಿ ಫಿರೋಜ್ ಷಾ ತುಗಲಕನು 1352ರಲ್ಲಿ ಒಂದು ಮದರಸ ಕಟ್ಟಿಸಿದನು. ಅದರ ಕಲ್ಲುಕಂಬಗಳು ಇಂದೂ ನಿಂತಿವೆ. ಇಂದು ಇಲ್ಲಿಂದ ಮೆಟ್ರೋದಲ್ಲಿ ಒಂದು ನಿಲ್ದಾಣ ಹೋದರೆ ಐಐಟಿ. ಇನ್ನೊಂದು ಮಾರ್ಗದಲ್ಲಿ ಎರಡು ನಿಲ್ದಾಣ ಹೋದರೆ 1956ರಲ್ಲಿ ಸ್ಥಾಪಿತವಾದ ಏಮ್ಸ್ ಆಸ್ಪತ್ರೆ. ಪೂರ್ವಕ್ಕೆ ನಡೆದರೆ 1982ರ ಏಷ್ಯನ್ ಕ್ರೀಡಾಕೂಟಕ್ಕಾಗಿ ಕಟ್ಟಿದ ಕ್ರೀಡಾಗ್ರಾಮ. ಯಂತ್ರ ಬಲ್ಲವರು, ದೇಹ ಬಲ್ಲವರು, ಆಟ ಬಲ್ಲವರು ಕೆಲವೇ ಮೈಲಿಗಳ ಒಳಗೆ ಇದ್ದಾರೆ. ಈ ಮೂರು ಬಗೆಯ ತಿಳಿವು ಒಬ್ಬ ವಿದ್ಯಾರ್ಥಿಯ ತಲೆಯಲ್ಲಿ ಕೂಡುವಂತೆ ಮಾಡುವವರು ಯಾರು ಎಂಬುದೇ ಇಂದಿನ ಮಾತು.

ಮೊದಲು ಈ ವಿದ್ಯೆ ನಮ್ಮ ದೇಶಕ್ಕೆ ಬಂದ ದಾರಿಯನ್ನು ನೋಡೋಣ. 1920ರಲ್ಲಿ ಮದರಾಸಿನಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದ ಮಹನೀಯರು ವೈಎಂಸಿಎ ವ್ಯಾಯಾಮ ಶಿಕ್ಷಣ ಕಾಲೇಜನ್ನು ಆರಂಭಿಸಿದರು. ಸ್ವಾತಂತ್ರ್ಯ ಬಂದ ಮೇಲೆ 1957ರಲ್ಲಿ ಗ್ವಾಲಿಯರಿನಲ್ಲಿ ಲಕ್ಷ್ಮೀಬಾಯಿ ಕಾಲೇಜು, 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಹುಟ್ಟಿದವು. ದಿಲ್ಲಿ ವಿಶ್ವವಿದ್ಯಾಲಯಕ್ಕೆ ಸೇರಿದ, ವಿಕಾಸಪುರಿಯಲ್ಲಿರುವ ಇಂದಿರಾ ಗಾಂಧಿ ವ್ಯಾಯಾಮ ಶಿಕ್ಷಣ ಮತ್ತು ಕ್ರೀಡಾ ವಿಜ್ಞಾನ ಸಂಸ್ಥೆ 1987ರದು. ಮೊದಲು ಇಲ್ಲಿ ತಯಾರಾಗಬೇಕಾದವರು ಶಾಲೆಯ ಡ್ರಿಲ್ ಮೇಷ್ಟರು ಮತ್ತು ತಂಡದ ಕೋಚುಗಳು. ವಿಜ್ಞಾನ ಎಂಬ ಮಾತು ಹೆಸರಿಗೆ ಸೇರಿದ್ದು ಆಮೇಲೆ. ಬೋರ್ಡಿನ ಮೇಲೆ ಹೆಸರು ಬರೆಯುವುದು ಒಂದು ದಿನದ ಕೆಲಸ. ಅದಕ್ಕೆ ತಕ್ಕ ಗುರುಗಳನ್ನು ಒದಗಿಸುವುದು ಒಂದು ತಲೆಮಾರಿನ ಕೆಲಸ.

ವಿಜ್ಞಾನ ಇಲ್ಲದಿದ್ದರೆ ಏನು ನಷ್ಟ, ಓಡುವವನು ಓಡುತ್ತಾನಲ್ಲ ಎನ್ನುವವರು ಇದ್ದಾರೆ. ಅವರಿಗಾಗಿ ಮೂರು ಉದಾಹರಣೆಗಳನ್ನು ಕೊಡುತ್ತೇವೆ.

ಮೊದಲನೆಯದು ನಮ್ಮ ತುಳುನಾಡಿನದು. 2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರಿನ ಕೆಸರುಗದ್ದೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ತ್ರೈರಾಶಿ ಹಾಕಿ, ಇದು ನೂರು ಮೀಟರಿಗೆ 9.55 ಸೆಕೆಂಡು ಆಯಿತು, ಉಸೇನ್ ಬೋಲ್ಟನ 9.58ರ ವಿಶ್ವದಾಖಲೆ ಮುರಿಯಿತು ಎಂದರು. ದೇಶವೆಲ್ಲ ಕೊಂಡಾಡಿತು. ಕೇಂದ್ರದ ಕ್ರೀಡಾ ಮಂತ್ರಿಗಳು ಅವರನ್ನು ಬೆಂಗಳೂರಿಗೆ ಕರೆಸಿ ಪರೀಕ್ಷಿಸಲು ಏರ್ಪಾಡು ಮಾಡಿದರು.

ತ್ರೈರಾಶಿಯ ಲೆಕ್ಕ ತಪ್ಪಿಲ್ಲ. ನಾವೂ ಹಾಕಿ ನೋಡಿದ್ದೇವೆ. ಆದರೆ ಆ ಲೆಕ್ಕ ಇಲ್ಲಿ ಸಲ್ಲುವುದಿಲ್ಲ. ನೂರು ಮೀಟರ್ ಓಟಗಾರ ನಿಂತಲ್ಲಿಂದ ಹೊರಡುತ್ತಾನೆ. ಮೊದಲ ಕೆಲವು ಮೀಟರುಗಳು ವೇಗ ಕೂಡಿಸಿಕೊಳ್ಳುವುದರಲ್ಲೇ ಕಳೆಯುತ್ತವೆ. ಓಟ ಉದ್ದವಾದಷ್ಟೂ ಆ ನಿಧಾನದ ಪಾಲು ಇಡೀ ದೂರಕ್ಕೆ ಹಂಚಿಹೋಗಿ ಸರಾಸರಿ ಚೆನ್ನಾಗಿ ಕಾಣುತ್ತದೆ. ಇದೇ ಬೋಲ್ಟನು 2009ರಲ್ಲಿ ಮ್ಯಾಂಚೆಸ್ಟರಿನ ಬೀದಿಯಲ್ಲಿ ನೆಟ್ಟಗಿನ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದಾಗ ಕೊನೆಯ ನೂರು ಮೀಟರಿಗೆ ಹಿಡಿದದ್ದು 8.70 ಸೆಕೆಂಡು. ಆದುದರಿಂದ ಅವನ ನೂರು ಮೀಟರ್ ದಾಖಲೆ 8.70 ಎಂದು ಯಾರೂ ಬರೆಯಲಿಲ್ಲ. ಇನ್ನು ಕಂಬಳದಲ್ಲಿ ಓಡುವವನ ಕೈಯಲ್ಲಿ ಹಗ್ಗವಿದೆ, ಮುಂದೆ ಎರಡು ಕೋಣಗಳ ಬಲವಿದೆ. ಆ ಬಲವನ್ನು ಲೆಕ್ಕದಿಂದ ಬಿಟ್ಟರೆ ಅದು ಯಾವ ಲೆಕ್ಕ?

ಈ ಗದ್ದಲದಲ್ಲಿ ತಕ್ಕ ಮಾತಾಡಿದವರು ಶ್ರೀನಿವಾಸ ಗೌಡರೇ. ಕಂಬಳದಲ್ಲಿ ಹಿಮ್ಮಡಿಯ ಮೇಲೆ ಓಡುತ್ತೇವೆ, ಟ್ರ್ಯಾಕಿನಲ್ಲಿ ಕಾಲಿನ ತುದಿಯ ಮೇಲೆ ಓಡಬೇಕು, ಗೆಲುವಿನಲ್ಲಿ ಕೋಣಗಳ ಪಾಲೂ ಇದೆ, ಎರಡೂ ಬೇರೆ ಬೇರೆ ಎಂಬ ಅರ್ಥದಲ್ಲಿ ಹೇಳಿ ಅವರು ಆ ಪರೀಕ್ಷೆಗೆ ಒಪ್ಪಲಿಲ್ಲ. ಕ್ರೀಡಾ ವಿಜ್ಞಾನ ಓದಿದ ಹುಡುಗ ಅಂಥ ದಿನ ಎದ್ದು ನಿಂತು, ಸ್ವಾಮಿ, ಈ ಹೋಲಿಕೆ ನಿಲ್ಲದು ಎಂದು ಕಾರಣಸಹಿತ ಹೇಳಬಲ್ಲವನಾಗಬೇಕು. ಹೇಳಲಾರದಿದ್ದರೆ ಅವನ ಡಿಗ್ರಿಯಲ್ಲಿ ವಿಜ್ಞಾನ ಎಂಬ ಮಾತು ಏತಕ್ಕೆ?

ಎರಡನೆಯದು ಬೆವರಿನ ಮಾತು. ಇದು ನಮ್ಮೆಲ್ಲರ ಮೈಗೆ ಗೊತ್ತು. ಸ್ಪಿನ್ನಿಂಗ್ ಖಾತೆಯಲ್ಲಿ ನೂಲು ಹರಿಯಬಾರದೆಂದು ಗಾಳಿಯಲ್ಲಿ ತೇವ ಇಡುತ್ತಾರೆ. ಅಲ್ಲಿ ನಿಂತವನಿಗೆ ಬೆವರು ಧಾರೆಯಾಗಿ ಇಳಿದರೂ ಮೈ ತಣ್ಣಗಾಗುವುದಿಲ್ಲ. ಏಕೆಂದರೆ ಮೈಯನ್ನು ತಣಿಸುವುದು ಬೆವರು ಆವಿಯಾಗುವ ಕ್ರಿಯೆ. ಒಂದು ಲೀಟರು ಬೆವರು ಚರ್ಮದ ಮೇಲೆ ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಆ ಲಾಭವಿಲ್ಲ. ದೇಹದ ನೀರೂ ಉಪ್ಪೂ ಮಾತ್ರ ಹೋಗುತ್ತವೆ. ಆದುದರಿಂದ ದಿಲ್ಲಿಯ ಜುಲೈ ಆಗಸ್ಟಿನ ಇರುಚಲು ಹವೆಯಲ್ಲಿ ಉಷ್ಣಮಾಪಕ ಜೂನ್ ತಿಂಗಳಿಗಿಂತ ಕಡಿಮೆ ತೋರಿಸಿದರೂ ಓಡುವ ಮಗುವಿಗೆ ಅಪಾಯ ಕಡಿಮೆಯಾಯಿತು ಎಂದು ತಿಳಿಯಲಾಗದು. ಡಿಗ್ರಿ ಎಷ್ಟು ಎಂದು ಮಾತ್ರ ನೋಡುವ ಕೋಚು ಆ ದಿನ ಹತ್ತು ಸುತ್ತು ಹೆಚ್ಚು ಓಡಿಸುತ್ತಾನೆ. ಗುಪ್ತೋಷ್ಣದ ಪಾಠ ಅರ್ಥವಾಗಿರುವ ಕೋಚು ಗಾಳಿಯ ತೇವವನ್ನೂ ಕೇಳಿ ತಿಳಿದು ಮಕ್ಕಳನ್ನು ನೆರಳಿಗೆ ಕರೆಯುತ್ತಾನೆ. ಇಲ್ಲಿ ಪಣಕ್ಕಿರುವುದು ಮಗುವಿನ ಪ್ರಾಣ.

ಮೂರನೆಯದು ಹೇಳಲು ದುಃಖದ ಸಂಗತಿ. 2010ರ ಅಕ್ಟೋಬರಿನಲ್ಲಿ ಇದೇ ದಿಲ್ಲಿಯ ನೆಹರೂ ಕ್ರೀಡಾಂಗಣದಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಮಹಿಳೆಯರ 4×400 ಮೀಟರ್ ರಿಲೇಯಲ್ಲಿ ಭಾರತಕ್ಕೆ ಚಿನ್ನ ಬಂದಿತು. ಆ ತಂಡದಲ್ಲಿ ನಮ್ಮ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಇದ್ದರು. ಮರು ತಿಂಗಳು ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅವರು 400 ಮೀಟರ್ ಹರ್ಡಲ್ಸ್‌ನಲ್ಲೂ ಚಿನ್ನ ಗೆದ್ದರು. 2011ರಲ್ಲಿ ಅವರೂ ಜೊತೆಯ ಓಟಗಾರ್ತಿಯರೂ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಕೋಚು ಕೊಟ್ಟ ಜಿನ್ಸೆಂಗ್ ಎಂಬ ಬೇರಿನ ಪದಾರ್ಥವನ್ನು ತಿಳಿಯದೆ ಸೇವಿಸಿದೆವು ಎಂದು ಅವರು ವಾದಿಸಿದರು. ವಿದೇಶಿ ಕೋಚನ್ನು ಕೆಲಸದಿಂದ ತೆಗೆದರು. ಮೊದಲು ಒಂದು ವರ್ಷವೆಂದಿದ್ದ ನಿಷೇಧ 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯದಲ್ಲಿ ಎರಡು ವರ್ಷವಾಯಿತು. ತಪ್ಪು ಯಾರದು ಎಂಬ ತೀರ್ಮಾನ ನಮ್ಮದಲ್ಲ. ನಿಯಮ ಮಾತ್ರ ಕಠಿಣ: ಮೈಯೊಳಗೆ ಹೋದ ವಸ್ತುವಿಗೆ ಕ್ರೀಡಾಪಟುವೇ ಹೊಣೆ. ಹೀಗಿರುವಾಗ ಪುಡಿ, ಮಾತ್ರೆ, ಕಷಾಯ ಕೈಗೆ ಬಂದ ಕೂಡಲೆ, ಇದರಲ್ಲಿ ಏನಿದೆ, ಎಲ್ಲಿ ಪರೀಕ್ಷೆಯಾಗಿದೆ ಎಂದು ಕೇಳುವ ರಸಾಯನದ ಬುದ್ಧಿ ಓಡುವವರಿಗೂ ಬೇಕು, ಓಡಿಸುವವರಿಗೂ ಬೇಕು. ಆ ಬುದ್ಧಿ ಮೊದಲ ವರ್ಷದ ತರಗತಿಯಲ್ಲಿ ಮೂಡಬೇಕು.

ಇನ್ನು ಪಾಠ ಹೇಳುವವರ ವಿಚಾರ. ಮೂವರು ಅಭ್ಯರ್ಥಿಗಳು ಇದ್ದಾರೆ. ಒಬ್ಬೊಬ್ಬರ ಪರವಾಗಿಯೂ ನ್ಯಾಯವಾದ ಮಾತು ಉಂಟು.

ಆಟದ ಗುರುಗಳ ಪರ ಹೇಳುವವರು, ಹುಡುಗನಿಗೆ ಬೇಕಾದದ್ದು ಯಾವುದು ಎಂಬುದು ಮೈದಾನ ಕಂಡವರಿಗೇ ಗೊತ್ತು ಎನ್ನುತ್ತಾರೆ. ನಿಜ. ಆದರೆ ಮೈದಾನದಲ್ಲಿ ಪಳಗಿದ ಮೇಷ್ಟರು ತಾವೇ ಆಳವಾಗಿ ಕಲಿಯದ ರಸಾಯನವನ್ನು ಗೈಡು ನೋಡಿ ಹೇಳಿದರೆ, ಗೈಡಿನಾಚೆಯ ಪ್ರಶ್ನೆ ಬಂದಾಗ ಪಾಠ ನಿಲ್ಲುತ್ತದೆ. ಪ್ರಶ್ನೆ ಕೇಳಿದ ಹುಡುಗ ಅಧಿಕಪ್ರಸಂಗಿ ಎನ್ನಿಸಿಕೊಳ್ಳುತ್ತಾನೆ.

ಡಾಕ್ಟರ ಪರ ಹೇಳುವವರು, ದೇಹವನ್ನು ಅವರಿಗಿಂತ ಬಲ್ಲವರು ಯಾರು ಎನ್ನುತ್ತಾರೆ. ಅದೂ ನಿಜ. ಆದರೆ ವೈದ್ಯರ ಓದು ರೋಗದ ಕಡೆಗೆ ಮುಖ ಮಾಡಿರುತ್ತದೆ. ಓಟಗಾರನ ಎದೆಬಡಿತ ವಿಶ್ರಾಂತಿಯಲ್ಲಿ ನಿಮಿಷಕ್ಕೆ 45 ಇದ್ದರೆ ಆಸ್ಪತ್ರೆಯಲ್ಲಿ ಅದು ಚಿಂತೆಯ ಮಾತಾದೀತು. ಮೈದಾನದಲ್ಲಿ ಅದು ವರ್ಷಗಟ್ಟಲೆ ಓಡಿ ಬಲಗೊಂಡ ಹೃದಯದ ಲಕ್ಷಣ ಇದ್ದೀತು. ಆರೋಗ್ಯವಂತ ದೇಹ ದುಡಿದು ದಣಿದು ಬಲವಾಗುವ ಬಗೆಯೇ ಒಂದು ಬೇರೆ ಶಾಸ್ತ್ರ.

ವಿಜ್ಞಾನದ ಪ್ರೊಫೆಸರರ ಪರ ಹೇಳುವವರು, ಭೌತಶಾಸ್ತ್ರ ಎಲ್ಲಿದ್ದರೂ ಭೌತಶಾಸ್ತ್ರವೇ, ಅದನ್ನು ಬಲ್ಲವರು ಕಲಿಸಲಿ ಎನ್ನುತ್ತಾರೆ. ಒಪ್ಪತಕ್ಕದ್ದೇ. ಆದರೆ ಬೇರೆ ವಿಭಾಗದಿಂದ ವಾರಕ್ಕೆರಡು ಗಂಟೆಗೆ ಬಂದು, ಕಪ್ಪೆಯ ಸ್ನಾಯುವಿನ ಮಾತನ್ನು ಕಪ್ಪೆಯಲ್ಲಿಯೇ ಮುಗಿಸಿ ಬಸ್ಸು ಹಿಡಿದರೆ, ಬೆಳಗ್ಗೆ ಉದ್ದಜಿಗಿತ ಮಾಡಿ ಬಂದು ಕುಳಿತ ಹುಡುಗನಿಗೆ ತನ್ನ ತೊಡೆಗೂ ಆ ಕಪ್ಪೆಗೂ ಇರುವ ಸಂಬಂಧ ಯಾರು ಹೇಳಬೇಕು? ಹಲವು ಕಾಲೇಜುಗಳಲ್ಲಿ ಹನ್ನೆರಡನೆಯ ತರಗತಿಯಲ್ಲಿ ಕಲೆ, ವಾಣಿಜ್ಯ ಓದಿದವರೂ ಈ ಡಿಗ್ರಿಗೆ ಸೇರುತ್ತಾರೆ. ಹತ್ತನೆಯ ತರಗತಿಯಲ್ಲೇ ವಿಜ್ಞಾನ ಬಿಟ್ಟ ಮಕ್ಕಳು ಅವರು. ಅವರಿಗೆ ಅವಸರದ ಪಾಠ ಸಾಲದು.

ಹಾಗಾದರೆ ದಾರಿ ಯಾವುದು? ಸ್ವೀಡನ್ ದೇಶದ ಒಂದು ಸಂಗತಿ ನಮಗೆ ದಾರಿ ತೋರಿಸುತ್ತದೆ. ಅಲ್ಲಿನ ಸ್ಟಾಕ್‌ಹೋಮ್ ನಗರದಲ್ಲಿ 1813ರಲ್ಲಿಯೇ ಲಿಂಗ್ ಎಂಬುವರು ಸ್ಥಾಪಿಸಿದ ವ್ಯಾಯಾಮ ಕಾಲೇಜು ಇತ್ತು. ನೆರೆಯ ಡೆನ್ಮಾರ್ಕಿನಲ್ಲಿ ಆಗಸ್ಟ್ ಕ್ರೋಗ್ ಎಂಬ ಶರೀರಕ್ರಿಯಾ ವಿಜ್ಞಾನಿ 1920ರಲ್ಲಿ ನೊಬೆಲ್ ಬಹುಮಾನ ಪಡೆದರು. ಅವರ ಪ್ರಯೋಗಶಾಲೆಯಲ್ಲಿ ಪಳಗಿದ ಕ್ರಿಸ್ಟೆನ್‌ಸೆನ್ ಎಂಬುವರನ್ನು ಆ ವ್ಯಾಯಾಮ ಕಾಲೇಜು 1941ರಲ್ಲಿ ತನ್ನದೇ ಪ್ರೊಫೆಸರಾಗಿ ಬರಮಾಡಿಕೊಂಡಿತು. ಗಮನಿಸಬೇಕು: ವಿಶ್ವವಿದ್ಯಾಲಯದಿಂದ ಗಂಟೆಯ ಲೆಕ್ಕದಲ್ಲಿ ಎರವಲು ತರಲಿಲ್ಲ, ಮನೆಯೊಳಗೇ ಪೀಠ ಹಾಕಿ ಕೂರಿಸಿತು. ಅದೇ ಕಾಲೇಜಿನಲ್ಲಿ ವ್ಯಾಯಾಮ ಶಿಕ್ಷಕನಾಗಲು ಓದುತ್ತಿದ್ದ ಓಸ್ಟ್ರಾಂಡ್ ಎಂಬ ತರುಣ ಅವರ ಶಿಷ್ಯನಾಗಿ, ಮುಂದೆ ವೈದ್ಯಶಾಸ್ತ್ರವನ್ನೂ ಕಲಿತು, ಈ ಶಾಸ್ತ್ರಕ್ಕೆ ದೊಡ್ಡ ಗುರುವಾದನು. ಸೈಕಲ್ ತುಳಿಸಿ ಎದೆಬಡಿತ ಎಣಿಸಿ ದೇಹ ಎಷ್ಟು ಆಮ್ಲಜನಕ ಬಳಸಬಲ್ಲುದೆಂದು ಅಂದಾಜು ಮಾಡುವ ಕ್ರಮವನ್ನು ಆತನೂ ಇರ್ಮಾ ರೈಮಿಂಗ್ ಎಂಬುವರೂ 1954ರಲ್ಲಿ ಪ್ರಕಟಿಸಿದರು. ಜಗತ್ತಿನೆಲ್ಲೆಡೆ ಅದು ಬಳಕೆಗೆ ಬಂತು. ಗುರು ವಿಜ್ಞಾನದ ಕಡೆಯಿಂದ ಬಂದವರು, ಶಿಷ್ಯ ಆಟದ ಕಡೆಯಿಂದ ಬಂದವನು. ಇಬ್ಬರನ್ನೂ ಕೂಡಿಸಿದ್ದು ಒಂದೇ ಸೂರು.

ಇಂಗ್ಲೆಂಡಿನ ಎ. ವಿ. ಹಿಲ್ ಕೇಂಬ್ರಿಜಿನಲ್ಲಿ ಓದಿದ್ದು ಗಣಿತ. ಆಮೇಲೆ ಸ್ನಾಯುವಿನ ಶಾಖವನ್ನು ಅಳೆದು 1922ರ ನೊಬೆಲ್ ಬಹುಮಾನ ಪಡೆದರು; ಓಟಗಾರರ ಉಸಿರನ್ನೂ ಅಳೆದರು, ತಾವೂ ಓಡಿದರು. ಅಮೆರಿಕದ ಹಾರ್ವರ್ಡಿನಲ್ಲಿ 1927ರಿಂದ 1947ರವರೆಗೆ ದಣಿವಿನ ಪ್ರಯೋಗಶಾಲೆ ಎಂದೇ ಒಂದು ಇತ್ತು. ಅಲ್ಲಿನವರು ಓಟಗಾರರ ಜೊತೆಗೆ ಬಿಸಿಲಿನಲ್ಲಿ ಅಣೆಕಟ್ಟು ಕಟ್ಟುವ ಕೂಲಿಗಾರರ ಬೆವರಿನ ಉಪ್ಪನ್ನೂ ಅಳೆದರು. ಈ ವಿದ್ಯೆ ಆಟಗಾರರಿಗೆ ಮಾತ್ರ ಸಂಬಂಧಿಸಿದ್ದಲ್ಲ, ದುಡಿಯುವ ನಮಗೂ ಸೇರಿದ್ದು ಎಂಬುದನ್ನು ತಾವು ನೆನಪಿಡಬೇಕು.

ಆದುದರಿಂದ ನಮ್ಮ ಅಭಿಪ್ರಾಯ ಇದು. ಮೊದಲ ಪಾಠವನ್ನು ಆಯಾ ವಿಜ್ಞಾನವನ್ನು ಆಳವಾಗಿ ಕಲಿತವರೇ ಹೇಳಬೇಕು. ಆದರೆ ಅವರು ಕ್ರೀಡಾ ಕಾಲೇಜಿನ ಮನೆಯವರಾಗಿರಬೇಕು. ವಾರದಲ್ಲಿ ಕೆಲವು ಗಂಟೆಯಾದರೂ ಕೋಚಿನ ಪಕ್ಕದಲ್ಲಿ ಮೈದಾನದಲ್ಲಿ ನಿಲ್ಲಬೇಕು. ಕೋಚು ಕೂಡ ಪ್ರಯೋಗಶಾಲೆಯೊಳಗೆ ಬಂದು ಕೂಡಬೇಕು. ನಮ್ಮ ಮಿಲ್ಲಿನ ಕ್ರಮವನ್ನೇ ನೋಡಿ. ಹರಿದ ನೂಲನ್ನು ಕೂಡಿಸುವ ಕೈಚಳಕ ಕಲಿಸುವವನು ಜಾಬರು. ನೂಲು ಏಕೆ ಹರಿಯಿತು ಎಂದು ಹೇಳುವವನು ಸ್ಪಿನ್ನಿಂಗ್ ಮಾಸ್ತರು. ಮಾಸ್ತರು ಆಫೀಸಿನಲ್ಲೇ ಕುಳಿತರೆ ಖಾತೆ ನಡೆಯುವುದಿಲ್ಲ, ಜಾಬರು ಒಬ್ಬನಿಗೇ ಬಿಟ್ಟರೂ ನಡೆಯುವುದಿಲ್ಲ. ಇಬ್ಬರೂ ಒಂದೇ ಯಂತ್ರದ ಮುಂದೆ ನಿಂತ ದಿನ ಹೊಸ ಕೆಲಸಗಾರ ಕಲಿಯುತ್ತಾನೆ.

ಇದಕ್ಕೆ ಎರಡು ಅಡ್ಡಿಗಳುಂಟು. ಮೊದಲನೆಯದು ನಿಯಮ. ಯುಜಿಸಿಯ 2018ರ ನಿಯಮದಂತೆ ಅಧ್ಯಾಪಕರಾಗಲು ಸಂಬಂಧಪಟ್ಟ ಅಥವಾ ಹತ್ತಿರದ ವಿಷಯದಲ್ಲಿ ನೂರಕ್ಕೆ 55 ಅಂಕಗಳ ಸ್ನಾತಕೋತ್ತರ ಪದವಿ ಬೇಕು. ವ್ಯಾಯಾಮ ಶಿಕ್ಷಣಕ್ಕೆ ಬೇರೆಯೇ ನೆಟ್ ಪರೀಕ್ಷೆ ಇದೆ. ಸಂಬಂಧಪಟ್ಟ ವಿಷಯ ಎಂದರೆ ಯಾವುದು? ಕ್ರೀಡಾ ಕಾಲೇಜಿನ ಶರೀರಕ್ರಿಯಾ ಶಾಸ್ತ್ರಕ್ಕೆ ಶರೀರಕ್ರಿಯೆ ಓದಿದವರು ಸಂಬಂಧಪಟ್ಟವರೆ, ವ್ಯಾಯಾಮ ಶಿಕ್ಷಣ ಓದಿದವರು ಸಂಬಂಧಪಟ್ಟವರೆ? ಜಾಹೀರಾತು ಬರೆಯುವವರು ಈ ಮಾತಿನ ಅರ್ಥವನ್ನು ಕಿರಿದು ಮಾಡಿದರೆ ಒಳ್ಳೆಯ ಗುರುಗಳು ಬಾಗಿಲ ಹೊರಗೇ ಉಳಿಯುತ್ತಾರೆ. ಎರಡು ಬಗೆಯವರಿಗೂ ಬಾಗಿಲು ತೆರೆದಿರುವಂತೆ ಸ್ಪಷ್ಟವಾಗಿ ಬರೆಯುವುದು ಕಷ್ಟದ ಕೆಲಸವಲ್ಲ.

ಎರಡನೆಯ ಅಡ್ಡಿ ಹಣ. ಸಣ್ಣ ಕಾಲೇಜು ನಾಲ್ಕು ವಿಜ್ಞಾನಗಳಿಗೆ ನಾಲ್ವರು ಕಾಯಂ ಅಧ್ಯಾಪಕರನ್ನು ಹೇಗೆ ಇಡುತ್ತದೆ? ಹೀಗಾಗಿಯೇ ಮೊದಲ ವರ್ಷದ ಪಾಠ ಗಂಟೆಗೂಲಿಯ ಅತಿಥಿ ಉಪನ್ಯಾಸಕರ ಪಾಲಿಗೆ ಬೀಳುವುದು. ಅವರನ್ನು ನಾವು ದೂರುವುದಿಲ್ಲ. ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಎಂಬ ಚಿಂತೆ ಎಂಥದೆಂದು ಬದಲಿ ಕೆಲಸ ಮಾಡಿದ ಇಲ್ಲಿನ ಅನೇಕರಿಗೆ ಗೊತ್ತು. ಪರಿಹಾರದ ಮಾದರಿ ಇಲ್ಲೇ ಪಕ್ಕದಲ್ಲಿದೆ. ಐಐಟಿಯೂ ಏಮ್ಸೂ ಕೂಡಿ 1971ರಲ್ಲಿ ವೈದ್ಯಕೀಯ ಎಂಜಿನಿಯರಿಂಗಿನ ಜಂಟಿ ಕೇಂದ್ರವೊಂದನ್ನು ಆರಂಭಿಸಿದವು. ಎಂಜಿನಿಯರಿಗೆ ದೇಹ ಬೇಕಾಗಿತ್ತು, ವೈದ್ಯರಿಗೆ ಯಂತ್ರ ಬೇಕಾಗಿತ್ತು, ಕೈ ಕೂಡಿಸಿದರು. ಅದೇ ರೀತಿ ಎರಡು ಮೂರು ಸಂಸ್ಥೆಗಳು ಕೂಡಿ ಒಬ್ಬ ಅಧ್ಯಾಪಕರನ್ನು ಕಾಯಂ ಆಗಿ ನೇಮಿಸಿ, ಅವರ ಸಮಯದಲ್ಲಿ ನಿಶ್ಚಿತವಾದ ಪಾಲನ್ನು ಕ್ರೀಡಾ ಕಾಲೇಜಿಗೆ ಕೊಟ್ಟರೆ ಖರ್ಚೂ ಹಂಚಿಹೋಗುತ್ತದೆ, ಪಾಠವೂ ನೆಲೆ ನಿಲ್ಲುತ್ತದೆ.

ದೊಡ್ಡವರು ಮಾಡಬೇಕಾದದ್ದನ್ನು ಹೇಳಿದ್ದಾಯಿತು. ನಾವು ಮಾಡಬಹುದಾದದ್ದೂ ಉಂಟು. ಮಗುವನ್ನು ಸೇರಿಸಲು ಹೋದಾಗ ಹಾಸ್ಟೆಲು, ಫೀಸು ಕೇಳಿದ ಹಾಗೆಯೇ ಈ ನಾಲ್ಕು ಪ್ರಶ್ನೆಗಳನ್ನೂ ಕೇಳಿ. ಮೊದಲ ವರ್ಷದ ಶರೀರಕ್ರಿಯಾ ಶಾಸ್ತ್ರ ಹೇಳುವವರು ಏನು ಓದಿದ್ದಾರೆ? ಅವರು ಕಾಯಮ್ಮೆ, ಗಂಟೆಯ ಲೆಕ್ಕವೆ? ಪ್ರಯೋಗಶಾಲೆಯಲ್ಲಿ ಉಪಕರಣಗಳನ್ನು ವಿದ್ಯಾರ್ಥಿಯೇ ಮುಟ್ಟಿ ಅಳೆಯುತ್ತಾನೆಯೆ, ಗಾಜಿನಾಚೆಯಿಂದ ನೋಡುತ್ತಾನೆಯೆ? ವಿಜ್ಞಾನದ ಗುರುಗಳು ಮೈದಾನಕ್ಕೆ ಬರುತ್ತಾರೆಯೆ? ಗುಮಾಸ್ತೆ ಮೇಜಿನ ಹಿಂದೆ ಮುಖ ಸಿಂಡರಿಸಿದರೆ ಹೆದರಬೇಡಿ. ನಾವೂ ಗುಮಾಸ್ತೆಗಳೇ, ಎರಡು ಸಲ ಮರ್ಯಾದೆಯಿಂದ ಕೇಳಿದವರಿಗೆ ಉತ್ತರ ಹುಡುಕಿ ಕೊಡಲೇಬೇಕಾಗುತ್ತದೆ ಎಂಬ ಗುಟ್ಟು ನಮಗೆ ಗೊತ್ತು.

ವಾಚನಾಲಯದ ಪಾಲೂ ಇದೆ. ಹನ್ನೊಂದು, ಹನ್ನೆರಡನೆಯ ತರಗತಿಯ ವಿಜ್ಞಾನ ಪುಸ್ತಕಗಳನ್ನೂ ಕನ್ನಡದ ಸುಲಭ ವಿಜ್ಞಾನದ ಪುಸ್ತಕಗಳನ್ನೂ ಒಂದು ಬೀರುವಿನಲ್ಲಿ ಬೇರೆಯಾಗಿ ಇಡಬೇಕೆಂದು ಯೋಚಿಸಿದ್ದೇವೆ. ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಕೇಳಿದ ಪಾಠವನ್ನು ಸಂಜೆ ಇಲ್ಲಿ ತನ್ನ ಭಾಷೆಯಲ್ಲಿ ಓದಿಕೊಂಡ ಮಗು ಮರುದಿನ ತರಗತಿಯಲ್ಲಿ ಕೈ ಎತ್ತುತ್ತದೆ. ನಮ್ಮವರಲ್ಲಿ ವಿಜ್ಞಾನ ಓದಿ ಈ ನಗರದ ಕಚೇರಿಗಳಲ್ಲಿ ಇರುವವರು ಹಲವರಿದ್ದಾರೆ. ತಿಂಗಳಿಗೆ ಒಂದು ಭಾನುವಾರ ಒಂದು ಗಂಟೆ ಕೊಡಿರೆಂದು ಅವರಲ್ಲಿ ಬಿನ್ನವಿಸುತ್ತೇವೆ. ನಾಡಿ ಎಣಿಸಲು ಒಂದು ಗಡಿಯಾರ, ಏರಿಳಿಯಲು ಒಂದು ಮೆಟ್ಟಿಲು ಇದ್ದರೆ ಶರೀರಕ್ರಿಯೆಯ ಮೊದಲ ಪ್ರಯೋಗಕ್ಕೆ ಸಾಕು. ಎರಡೂ ಈ ಕಟ್ಟಡದಲ್ಲಿವೆ.

ಕಾಲು ಗಟ್ಟಿಯಿದ್ದಷ್ಟು ದಿನ ಆಟ. ಆಮೇಲೆ ಜೀವನಕ್ಕೆ ಆಧಾರವಾಗುವುದು ತಲೆಯಲ್ಲಿ ಉಳಿದ ವಿದ್ಯೆ. ನಮ್ಮ ಮಕ್ಕಳ ಕಾಲನ್ನು ಮೆಚ್ಚಿ ಸೀಟು ಕೊಡುವವರು ಅವರ ತಲೆಯನ್ನೂ ಗೌರವಿಸಿ ತಕ್ಕ ಗುರುಗಳನ್ನು ಕೊಡಲಿ ಎಂಬುದಷ್ಟೇ ನಮ್ಮ ಬೇಡಿಕೆ.